ನೇರಳೆ ಬೀಜದ ಪುಡಿಯಿಂದ ಶುಗರ್ ವಾಸಿಯಾಗುತ್ತದೆಯೇ? ನೇರಳೆ ಕಟ್ಟಿಗೆ ಟ್ಯಾಂಕಿನ ನೀರನ್ನು ಶುದ್ಧ ಮಾಡುತ್ತದೆಯೇ?

ಮುಂಗಾರಿನ ಮೊದಲ ಎರಡು ಮಳೆ ಬಿದ್ದವೆಂದರೆ ಹಾವೇರಿ ಬಸ್ ನಿಲ್ದಾಣದ ಹೊರಗೆ, ರಾಣೆಬೆನ್ನೂರಿನ ಸಂತೆಯಲ್ಲಿ, ಬ್ಯಾಡಗಿಗೆ ತಿರುಗುವ ಮೋಟೆಬೆನ್ನೂರಿನ ಹೆದ್ದಾರಿ ಪಕ್ಕದಲ್ಲಿ ನೇರಳೆ ಹಣ್ಣಿನ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಅದೇ ವಾರಗಳಲ್ಲಿ ನಮ್ಮ ವಾಟ್ಸ್‌ಆ್ಯಪ್ ನಂಬರಿಗೆ ಎರಡು ಫಾರ್ವರ್ಡ್‌ಗಳೂ ಬರಲು ಶುರುವಾಗುತ್ತವೆ. ಪ್ರತಿ ವರ್ಷ ಚಿತ್ರ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ.

ಮೊದಲನೆಯದು ಬೀಜದ ಬಗ್ಗೆ. ನೇರಳೆ ಬೀಜ ಒಣಗಿಸಿ ಪುಡಿ ಮಾಡಿ ದಿನಾ ಬೆಳಿಗ್ಗೆ ಒಂದು ಚಮಚ ತಿಂದರೆ ಸಕ್ಕರೆ ಕಾಯಿಲೆ ಬೇರು ಸಮೇತ ಹೋಗುತ್ತದೆ, ಜೀವಮಾನ ಮಾತ್ರೆ ನುಂಗುವ ಅಗತ್ಯವಿಲ್ಲ ಎನ್ನುತ್ತದೆ. ಎರಡನೆಯದು ಕಟ್ಟಿಗೆಯ ಬಗ್ಗೆ. ನೇರಳೆ ಮರದ ಒಂದು ತುಂಡನ್ನು ನೀರಿನ ಟ್ಯಾಂಕಿಗೆ ಹಾಕಿದರೆ ಪಾಚಿ ಕಟ್ಟುವುದಿಲ್ಲ, ರೋಗಾಣು ಸಾಯುತ್ತವೆ, ಟ್ಯಾಂಕ್ ತೊಳೆಯುವುದೇ ಬೇಡ ಎನ್ನುತ್ತದೆ. ಇದಕ್ಕೆ ಸಾಕ್ಷಿಯಾಗಿ ದೆಹಲಿಯ ಒಂದು ಹಳೆಯ ಬಾವಿಯ ಕಥೆ ಜೋಡಿಸಿರುತ್ತಾರೆ.

ಈ ಸಲ ಇದನ್ನು ವಿವರವಾಗಿ ಬರೆಯಬೇಕು ಅನ್ನಿಸಿದ್ದು ರಾಣೆಬೆನ್ನೂರಿನ ಓದುಗರೊಬ್ಬರ ಸಂದೇಶದಿಂದ. ಅವರ ತಂದೆ ಎರಡು ತಿಂಗಳಿಂದ ಶುಗರ್ ಮಾತ್ರೆ ಬಿಟ್ಟು ಬೀಜದ ಪುಡಿ ತಿನ್ನುತ್ತಿದ್ದಾರೆ. "ಪುಡಿ ಒಳ್ಳೆಯದೋ ಕೆಟ್ಟದ್ದೋ ಅಷ್ಟು ಹೇಳಿ, ಅಪ್ಪನಿಗೆ ಕಳಿಸ್ತೀನಿ" ಅಂತ ಅವರು ಕೇಳಿದ್ದರು.

ಚಿಕ್ಕ ಉತ್ತರ ಇಲ್ಲೇ ಇದೆ. ಹಣ್ಣು ಒಳ್ಳೆಯದು, ಸಕ್ಕರೆ ಕಾಯಿಲೆ ಇದ್ದವರೂ ಮಿತವಾಗಿ ತಿನ್ನಬಹುದು. ಬೀಜದ ಪುಡಿ ಮಾತ್ರೆಯ ಜಾಗಕ್ಕೆ ಬರುವುದಿಲ್ಲ; ಅದನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸುವುದು ಅಪಾಯ. ಕಟ್ಟಿಗೆ ನೀರಲ್ಲಿ ಬೇಗ ಕೊಳೆಯುವುದಿಲ್ಲ ಎಂಬುದು ನಿಜ, ಆದರೆ ಅದು ನೀರನ್ನು ಶುದ್ಧ ಮಾಡುವುದಿಲ್ಲ. ಉದ್ದ ಉತ್ತರ ಬೇಕಾದವರು ಮುಂದೆ ಓದಿ.

ಇದು ಯಾವ ಮರ?

ಕನ್ನಡದಲ್ಲಿ ನೇರಳೆ. ಹಾವೇರಿ, ಧಾರವಾಡ ಕಡೆಯ ಮಾತಿನಲ್ಲಿ ನೀರಲಹಣ್ಣು, ನೀರಲಗಿಡ. (ಈ ಸೀಮೆಯಲ್ಲಿ ಎಷ್ಟೇ ದೊಡ್ಡ ಮರವಾದರೂ ಅದು ಗಿಡವೇ.) ಸಂಸ್ಕೃತದಲ್ಲಿ ಜಂಬೂ, ಪೂಜೆಯ ಸಂಕಲ್ಪದಲ್ಲಿ ಪುರೋಹಿತರು ಹೇಳುವ ಜಂಬೂದ್ವೀಪದ ಹೆಸರು ಈ ಮರದಿಂದ ಬಂದದ್ದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸಿಜಿಜಿಯಮ್ ಕ್ಯುಮಿನಿ. ಹುಟ್ಟಿದ್ದು ಭಾರತ ಮತ್ತು ಆಗ್ನೇಯ ಏಷ್ಯಾದ ಸೀಮೆಯಲ್ಲಿ. ಈಗ ಆಫ್ರಿಕಾ, ಬ್ರೆಜಿಲ್, ಅಮೆರಿಕದ ಫ್ಲಾರಿಡಾದಲ್ಲೂ ಬೆಳೆಯುತ್ತದೆ.

ಇದರ ಬಳಗ ನಿಮಗೆ ಪರಿಚಿತವೇ. ಅಡುಗೆಮನೆಯ ಲವಂಗ ಇದೇ ಸಿಜಿಜಿಯಮ್ ಕುಲಕ್ಕೆ ಸೇರಿದ್ದು. ಪೇರಲ ಇದೇ ಕುಟುಂಬದ್ದು. ನೀಲಗಿರಿಯೂ ಇದೇ ಕುಟುಂಬದ್ದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಗಿದ್ದು, 119 ಚದರ ಕಿಲೋಮೀಟರ್ ಇದೆ. ಅದರ ದೊಡ್ಡ ಭಾಗವನ್ನು ತುಂಬಿರುವುದು ಮನುಷ್ಯರು ನೆಟ್ಟ ನೀಲಗಿರಿ. ನೀಲಗಿರಿ ಎಲೆಯನ್ನೂ ನೇರಳೆ ಎಲೆಯನ್ನೂ ಒಟ್ಟಿಗೆ ಕೈಯಲ್ಲಿ ಹಿಸುಕಿ ಮೂಸಿ ನೋಡಿ. ವಾಸನೆ ಬೇರೆಯಾದರೂ ಎರಡರಲ್ಲೂ ಎಣ್ಣೆಯ ಘಾಟು ಇರುತ್ತದೆ. ಅದು ಈ ಕುಟುಂಬದ ಗುರುತು.

ನೇರಳೆ ಹಳ್ಳದ ದಡ, ಕೆರೆ ಏರಿ, ತೋಟದ ಬದುಗಳಲ್ಲಿ ಚೆನ್ನಾಗಿ ಬರುತ್ತದೆ. ಸ್ವಲ್ಪ ದಿನ ಬುಡದಲ್ಲಿ ನೀರು ನಿಂತರೂ ತಡೆದುಕೊಳ್ಳುತ್ತದೆ, ಬೇರೂರಿದ ಮೇಲೆ ಬರಕ್ಕೂ ಬಗ್ಗುವುದಿಲ್ಲ. ಬೇಸಿಗೆಯಲ್ಲಿ ಹೂ, ಜೂನ್–ಜುಲೈಯಲ್ಲಿ ಹಣ್ಣು. ಬೀಜದಿಂದ ಬೆಳೆಸಿದ ಮರ ಫಲ ಕೊಡಲು ಎಂಟು–ಹತ್ತು ವರ್ಷ ಹಿಡಿಯುತ್ತದೆ, ಕಸಿ ಗಿಡಕ್ಕೆ ನಾಲ್ಕೈದು ವರ್ಷ ಸಾಕು.

ಮರ ಗಟ್ಟಿ. ಕೆಂಪು ಛಾಯೆಯ ಬೂದು ಬಣ್ಣ, ಒಳ್ಳೆಯ ತೂಕ. ಹಿಂದೆ ಎತ್ತಿನ ಗಾಡಿಗೆ, ಕೃಷಿ ಸಲಕರಣೆಗೆ, ಮನೆಯ ತೊಲೆಗೆ, ದೋಣಿಗೆ, ರೈಲು ಹಳಿಯ ಕೆಳಗಿನ ಸ್ಲೀಪರ್‌ಗೆ ಬಳಸಿದ್ದಾರೆ. ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಹೆಚ್ಚು. ಚರ್ಮ ಹದ ಮಾಡಲು, ಮೀನಿನ ಬಲೆಗೆ ಬಣ್ಣ ಕಟ್ಟಲು ಅದು ಬೇಕಿತ್ತು. ಆದರೆ ಈ ಮರಕ್ಕೆ ಎಲ್ಲಕ್ಕಿಂತ ಹೆಚ್ಚು ಹೆಸರು ಬಂದದ್ದು ಬಾವಿಯಿಂದ. ಟ್ಯಾಂಕಿನ ಫಾರ್ವರ್ಡ್ ಹುಟ್ಟಿದ್ದೂ ಅಲ್ಲಿಂದಲೇ.

ಬಾವಿಯ ತಳದ ಚಕ್ರ

ಉತ್ತರ ಭಾರತದ ಮೆಕ್ಕಲು ಮಣ್ಣಿನಲ್ಲಿ ಬಾವಿ ತೋಡುವುದು ನಮ್ಮ ಗಟ್ಟಿ ನೆಲದಲ್ಲಿ ತೋಡಿದಂತಲ್ಲ. ತೋಡಿದಷ್ಟೂ ಮಣ್ಣು ಕುಸಿಯುತ್ತದೆ. ಅದಕ್ಕೆ ಅಲ್ಲಿನವರು ಗಾಡಿ ಚಕ್ರದಂಥ ಒಂದು ಮರದ ಬಳೆ ಮಾಡಿ, ಅದನ್ನು ತಳದಲ್ಲಿಟ್ಟು, ಅದರ ಮೇಲೆ ಇಟ್ಟಿಗೆ ಗೋಡೆ ಕಟ್ಟುತ್ತ, ಕೆಳಗಿನ ಮಣ್ಣು ತೆಗೆಯುತ್ತ ಹೋಗುತ್ತಿದ್ದರು. ಗೋಡೆ ತನ್ನ ಭಾರಕ್ಕೇ ಸಮನಾಗಿ ಕೆಳಗಿಳಿಯುತ್ತಿತ್ತು. ಈ ಬಳೆಗೆ ಹಿಂದಿಯಲ್ಲಿ ಜಮವಟ್ ಎಂಬ ಹೆಸರೇ ಇದೆ, ಅದು ಜಾಮೂನ್ ಮರದ ಹೆಸರಿನಿಂದ ಬಂದದ್ದು. ನೇರಳೆಯನ್ನೇ ಆರಿಸಿದ್ದಕ್ಕೆ ಕಾರಣ ಸರಳ: ಅದು ನೀರಿನಲ್ಲಿ ಬಹುಕಾಲ ಬಾಳುತ್ತದೆ, ಸುಲಭವಾಗಿ ಸಿಗುತ್ತದೆ, ತೇಗದಷ್ಟು ದುಬಾರಿಯಲ್ಲ. ಅಂದರೆ ಅಲ್ಲಿ ನೇರಳೆಯ ಕೆಲಸ ಗೋಡೆಯನ್ನು ಹೊರುವುದು. ನೀರನ್ನು ತೊಳೆಯಲಿ ಎಂದು ಯಾರೂ ಅದನ್ನು ಇಟ್ಟದ್ದಲ್ಲ.

ಫಾರ್ವರ್ಡ್‌ನಲ್ಲಿ ಬರುವ ಬಾವಿ ದೆಹಲಿಯ ಹಜರತ್ ನಿಜಾಮುದ್ದೀನ್ ದರ್ಗಾದ ಬಾವಲಿ. ಕಟ್ಟಿದ್ದು 1321–22ರಲ್ಲಿ. 2008ರಲ್ಲಿ ಅದರ ಗೋಡೆಯ ಒಂದು ಭಾಗ ಕುಸಿಯಿತು. ಆಮೇಲೆ ಆಗಾ ಖಾನ್ ಟ್ರಸ್ಟ್ ಮತ್ತು ಪುರಾತತ್ವ ಇಲಾಖೆ ಸೇರಿ ದುರಸ್ತಿ ಮಾಡಿದವು. ಏಳುನೂರು ವರ್ಷ ನೀರಿನಲ್ಲಿದ್ದ ನೇರಳೆ ಮರ ಅಲ್ಲಿ ಸಿಕ್ಕಿತು, ಅದರಿಂದಲೇ ಆ ನೀರು ಇಷ್ಟು ಕಾಲ ಶುದ್ಧವಾಗಿತ್ತು ಎಂಬುದು ಫಾರ್ವರ್ಡ್‌ನ ವಾದ. ಆ ದುರಸ್ತಿಯಲ್ಲಿ ದೊಡ್ಡ ಕೆಲಸವೇ ಶತಮಾನಗಳ ಹೂಳು, ಕಸ ಎತ್ತುವುದಾಗಿತ್ತು ಎಂಬ ಸಂಗತಿಯನ್ನು ಮಾತ್ರ ಅದು ಹೇಳುವುದಿಲ್ಲ. ಕಟ್ಟಿಗೆಯೇ ಬಾವಿಯನ್ನು ಶುದ್ಧವಾಗಿ ಇಟ್ಟಿದ್ದರೆ ಹೂಳು ತೆಗೆಯುವ ಪ್ರಶ್ನೆ ಯಾಕೆ ಬರುತ್ತಿತ್ತು?

ಹಾಗಾದರೆ ಮರ ಕೊಳೆಯದೆ ಉಳಿದದ್ದು ಹೇಗೆ? ಮರವನ್ನು ಮುಖ್ಯವಾಗಿ ತಿನ್ನುವುದು ಶಿಲೀಂಧ್ರಗಳು, ಅವಕ್ಕೆ ಆಮ್ಲಜನಕ ಬೇಕು. ಪೂರ್ತಿ ನೀರಲ್ಲಿ ಅಥವಾ ಕೆಸರಲ್ಲಿ ಮುಳುಗಿದ ಮರಕ್ಕೆ ಅದು ತಲುಪುವುದು ತುಂಬ ಕಡಿಮೆ. ಇಟಲಿಯ ವೆನಿಸ್ ನಗರ ನಿಂತಿರುವುದೂ ಕೆಸರಿಗೆ ಹೊಡೆದ ಲಕ್ಷಾಂತರ ಮರದ ಗೂಟಗಳ ಮೇಲೆಯೇ. ಅವು ನೇರಳೆಯಲ್ಲ, ಆದರೂ ಶತಮಾನಗಳಿಂದ ಉಳಿದಿವೆ. ವೆನಿಸ್ ಕಾಲುವೆಯ ನೀರನ್ನು ಕುಡಿಯಬಹುದು ಎಂದು ಯಾರೂ ಹೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇದನ್ನು ಬೇರೆ ರೀತಿ ನೋಡಿರುತ್ತೀರಿ: ನೆಲದಲ್ಲಿ ಹೂತ ಬೇಲಿ ಗೂಟ ಮೊದಲು ಸವೆಯುವುದು ನೆಲಮಟ್ಟದಲ್ಲಿ, ಗಾಳಿಯೂ ತೇವವೂ ಸೇರುವ ಜಾಗದಲ್ಲಿ. ಆಳದ ತುದಿ ಗಟ್ಟಿಯಾಗಿಯೇ ಇರುತ್ತದೆ.

ಟ್ಯಾಂಕಿಗೆ ಹಾಕಿದರೆ ಏನಾಗುತ್ತದೆ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳ ಕುಡಿಯುವ ನೀರಿಗೆ ತುಂಗಭದ್ರೆಯೇ ದೊಡ್ಡ ಆಸರೆ. ಬೇಸಿಗೆಯಲ್ಲಿ ನಳದ ನೀರು ದಿನಾ ಬರುತ್ತದೆಂಬ ಭರವಸೆ ಎಲ್ಲ ಕಡೆ ಇಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಸಂಪು, ಮೇಲೊಂದು ಟ್ಯಾಂಕು, ಒಳಗೆ ಸಾಲು ಬ್ಯಾರಲ್. ಅಷ್ಟು ದಿನ ನಿಂತ ನೀರು ಕೆಡದಂತೆ ನೋಡಿಕೊಳ್ಳುವುದು ಇಲ್ಲಿ ನಿಜವಾದ ಚಿಂತೆ. ಇಂಥ ಊರಿಗೆ ಟ್ಯಾಂಕಿನ ಫಾರ್ವರ್ಡ್ ಬಂದರೆ ಜನ ನಂಬುವುದರಲ್ಲಿ ಆಶ್ಚರ್ಯವಿಲ್ಲ. ನೇರಳೆ ಕಟ್ಟಿಗೆಯ ತುಂಡುಗಳನ್ನು ಪ್ಯಾಕ್ ಮಾಡಿ ಆನ್‌ಲೈನ್‌ನಲ್ಲಿ ಮಾರುವವರೂ ಇದ್ದಾರೆ. ಹಳ್ಳದ ದಂಡೆಯಲ್ಲಿ ಪುಕ್ಕಟೆ ಸಿಗುವುದಕ್ಕೆ ಕೊರಿಯರ್ ಖರ್ಚು ಬೇರೆ.

ಪಾಚಿ ಬೆಳೆಯಲು ಬೆಳಕು ಬೇಕೇ ಬೇಕು. ಮುಚ್ಚಳ ಸರಿಯಾಗಿರುವ ಕಪ್ಪು ಟ್ಯಾಂಕಿನಲ್ಲಿ ಕಟ್ಟಿಗೆ ಇದ್ದರೂ ಇಲ್ಲದಿದ್ದರೂ ಪಾಚಿ ಬರುವುದು ಕಷ್ಟ. "ಕಟ್ಟಿಗೆ ಹಾಕಿದ ಮೇಲೆ ನಮ್ಮ ಟ್ಯಾಂಕಲ್ಲಿ ಪಾಚಿಯೇ ಇಲ್ಲ" ಎನ್ನುವವರನ್ನು ಹಾಕುವ ಮೊದಲು ಎಷ್ಟಿತ್ತು ಅಂತ ಕೇಳಿ ನೋಡಿ.

ರೋಗಾಣುಗಳ ವಿಷಯ ಬೇರೆ. ನೇರಳೆ ತೊಗಟೆ, ಎಲೆ, ಬೀಜದ ಸಾರ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಕಂಡಿರುವುದು ನಿಜ. ಫಾರ್ವರ್ಡ್ ಬರೆದವರು ಆಧಾರ ಅಂತ ತೋರಿಸುವುದು ಇದನ್ನೇ. ಆದರೆ ಅಲ್ಲಿ ಬಳಸುವುದು ಮದ್ಯಸಾರದಂಥ ದ್ರಾವಕದಲ್ಲಿ ಇಳಿಸಿದ ಗಟ್ಟಿ ಸಾರವನ್ನು. ಒಂದು ಮಿಲಿಲೀಟರ್ ನೀರಿಗೆ ಒಂದು ಮಿಲಿಗ್ರಾಂ ಸಾರ ಸಾಕು ಎಂದೇ ಇಟ್ಟುಕೊಳ್ಳೋಣ. 1,000 ಲೀಟರ್ ಟ್ಯಾಂಕಿಗೆ ಒಂದು ಕಿಲೋ ಶುದ್ಧ ಸಾರ ಬೇಕಾಗುತ್ತದೆ. ಕಟ್ಟಿಗೆ ಅಲ್ಲ, ಸಾರ! ಅಷ್ಟು ಕರಗಿದರೆ ನಿಮ್ಮ ನಳದಲ್ಲಿ ಬರುವುದು ಕಂದು ಬಣ್ಣದ ಕಷಾಯ. ಒಂದು ತುಂಡು ಕಟ್ಟಿಗೆಯಿಂದ ಬಿಡುವ ಒಗರು ಅದರ ಹತ್ತಿರಕ್ಕೂ ಬರುವುದಿಲ್ಲ.

ಕೆಲಸಕ್ಕೆ ಬಾರದಿದ್ದರೆ ಹೋಗಲಿ, ತೊಂದರೆಯಂತೂ ಇಲ್ಲವಲ್ಲ ಎನ್ನಬಹುದು. ತೊಂದರೆ ಇದೆ. ನಗರಸಭೆ ನೀರಿಗೆ ಕ್ಲೋರಿನ್ ಹಾಕಿ ಬಿಡುತ್ತದೆ. ಮನೆ ತಲುಪಿದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ನೀರನ್ನು ಕಾಯುತ್ತಿರುವುದು ಆ ಉಳಿದ ಕ್ಲೋರಿನ್. ಕಟ್ಟಿಗೆಯಿಂದ ಬಿಡುವ ಟ್ಯಾನಿನ್‌ನಂಥ ಸಾವಯವ ವಸ್ತು ಸಿಕ್ಕರೆ ಕ್ಲೋರಿನ್ ಅದರ ಜೊತೆ ವರ್ತಿಸಿ ಖರ್ಚಾಗಿಬಿಡುತ್ತದೆ. ಮೇಲಾಗಿ ಒರಟು ಕಟ್ಟಿಗೆಯ ಮೈ ಬ್ಯಾಕ್ಟೀರಿಯಾಗಳು ಅಂಟಿ ಕೂರಲು ಒಳ್ಳೆಯ ಜಾಗ. ಎಲ್ಲಕ್ಕಿಂತ ಕೆಟ್ಟದ್ದು, ಕಟ್ಟಿಗೆ ಇದೆ ಎಂಬ ಧೈರ್ಯದಲ್ಲಿ ಟ್ಯಾಂಕ್ ತೊಳೆಯುವುದನ್ನೇ ಬಿಡುವುದು. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ನೋಡಲು ತಿಳಿಯಾಗಿರುವ ನೀರೂ ಕೊಲ್ಲಬಹುದು.

ಕೆಲವು ವಿಡಿಯೋಗಳಲ್ಲಿ ಟಿಡಿಎಸ್ ಮೀಟರ್ ಅದ್ದಿ "ನೋಡಿ, ಶುದ್ಧವಾಯಿತು" ಎಂದು ತೋರಿಸುತ್ತಾರೆ. ಆ ಮೀಟರ್ ನೀರಿನಲ್ಲಿ ಕರಗಿದ ಲವಣಗಳ ಅಂದಾಜು ಕೊಡುತ್ತದೆ, ಅಷ್ಟೇ. ಕಾಲರಾ ರೋಗಾಣು ಇರುವ ನೀರಲ್ಲೂ ಅದರ ಅಂಕಿ ಚೆನ್ನಾಗಿಯೇ ಕಾಣಬಹುದು. ರೋಗಾಣುಗಳ ಸುಳಿವು ಬೇಕಿದ್ದರೆ ಎಚ್‌ಟುಎಸ್ ಬಾಟಲಿ ಪರೀಕ್ಷೆ ಇದೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟರೆ, ಮಲದಿಂದ ಕಲುಷಿತವಾದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಗ್ರಾಮ ಪಂಚಾಯಿತಿಗಳ ನೀರು ಪರೀಕ್ಷೆಗೂ ಇದನ್ನು ಬಳಸುತ್ತಾರೆ, ಕೇಳಿ.

ಮಾಡಬೇಕಾದ್ದು ಹಳೆಯದೇ. ಟ್ಯಾಂಕ್ ಮುಚ್ಚಿಡಿ, ಕಾಲಕಾಲಕ್ಕೆ ಖಾಲಿ ಮಾಡಿ ತಿಕ್ಕಿ ತೊಳೆಯಿರಿ. 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಡಿ. ಬಾಯಿ ತೆರೆದಿಟ್ಟ ಹಳೆಯ ಪುಡಿಯ ಶಕ್ತಿ ಹೋಗಿರುತ್ತದೆ, ಅದನ್ನು ನಂಬಬೇಡಿ. ಕುಡಿಯುವಷ್ಟು ನೀರನ್ನು ಕುದಿಸಿಕೊಂಡರೆ ಇನ್ನೂ ನಿಶ್ಚಿಂತೆ. ಗುಳ್ಳೆ ಎದ್ದು ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು.

ಹಣ್ಣಿನ ಬಣ್ಣ, ಹೊಟ್ಟೆಯ ಕೂದಲು

ನಾಲಿಗೆಯನ್ನು ನೇರಳೆ ಮಾಡುವ ಬಣ್ಣ ಆಂಥೋಸಯಾನಿನ್ ಎಂಬ ಗುಂಪಿಗೆ ಸೇರಿದ್ದು. ಅದು ನೀರಿನಲ್ಲಿ ಕರಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬೇರೆ ಜಾತಿಯದು, ಅದು ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಅಲ್ಲ. ಒಗ್ಗರಣೆ ಹಾಕುವವರಿಗೆ ಇದನ್ನು ಹೇಳಬೇಕಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ನೇರಳೆ ರಸವನ್ನು ಎರಡು ಲೋಟಕ್ಕೆ ಹಾಕಿ, ಒಂದಕ್ಕೆ ಲಿಂಬೆ ಹಿಂಡಿ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿಸಿ. ಒಂದು ಕೆಂಪಾಗುತ್ತದೆ, ಇನ್ನೊಂದು ನೀಲಿ ಕಡೆಗೆ ತಿರುಗುತ್ತದೆ. ಶಾಲೆಯ ಲಿಟ್ಮಸ್ ಕಾಗದ ಮಾಡುವ ಕೆಲಸವೇ ಇದು.

ಹಣ್ಣಿನಲ್ಲಿ ಎಂಬತ್ತು ಭಾಗಕ್ಕಿಂತ ಹೆಚ್ಚು ನೀರು. 100 ಗ್ರಾಂನಲ್ಲಿ ಸುಮಾರು 14 ಗ್ರಾಂ ಪಿಷ್ಟ–ಸಕ್ಕರೆ, 60 ಕ್ಯಾಲರಿ. ಬಾಳೆಹಣ್ಣು, ಮಾವಿಗಿಂತ ರಕ್ತಕ್ಕೆ ಸಕ್ಕರೆ ಏರಿಸುವ ವೇಗ ಕಡಿಮೆ. ಹಾಗಾಗಿ ಸಕ್ಕರೆ ಕಾಯಿಲೆ ಇದ್ದವರು ಒಂದು ಹೊತ್ತಿಗೆ 100 ಗ್ರಾಂನಷ್ಟು ತಿನ್ನಲು ಹೆದರಬೇಕಿಲ್ಲ. ಆದರೆ ಅದು ಸಕ್ಕರೆ ಇಲ್ಲದ ಹಣ್ಣಲ್ಲ. "ಎಷ್ಟು ತಿಂದರೂ ಏನೂ ಆಗಲ್ಲ" ಎಂದು ಬುಟ್ಟಿ ಖಾಲಿ ಮಾಡುವುದು, ಸಕ್ಕರೆ ಬೆರೆಸಿದ ಬಾಟಲಿ ಜ್ಯೂಸ್ ಕುಡಿಯುವುದು ಬೇರೆ ಮಾತು.

ವರ್ಷಕ್ಕೊಮ್ಮೆಯಾದರೂ ನೇರಳೆ ತಿನ್ನಬೇಕು, ಹೊಟ್ಟೆಗೆ ಹೋದ ಕೂದಲು, ಕಲ್ಲು ಕರಗುತ್ತದೆ ಎಂದು ನಮ್ಮ ಅಜ್ಜಿಯರೆಲ್ಲ ಹೇಳಿದ್ದಾರೆ. ಕೂದಲು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್. ಜಠರದ ಆಮ್ಲವೇ ಅದನ್ನು ಕರಗಿಸಲಾರದು, ಅದಕ್ಕಿಂತ ಎಷ್ಟೋ ಸೌಮ್ಯವಾದ ನೇರಳೆ ರಸ ಕರಗಿಸುವುದಿಲ್ಲ. ಅನ್ನದ ಜೊತೆ ಹೋದ ಒಂದೆರಡು ಕೂದಲು ತಾನಾಗಿಯೇ ಹೊರಗೆ ಹೋಗುತ್ತದೆ. ಕೂದಲು ತಿನ್ನುವ ಅಭ್ಯಾಸವಿರುವ ಮಕ್ಕಳಲ್ಲಿ ಅದು ಉಂಡೆಗಟ್ಟಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಅಂಥ ಮಗುವಿಗೆ ನೇರಳೆ ತಿನ್ನಿಸಿ ಕಾಯಬೇಡಿ. ಇನ್ನು ನೇರಳೆ ತಿಂದು ಹಾಲು ಅಥವಾ ನೀರು ಕುಡಿದರೆ ವಿಷವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಜ್ಜಿ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಸರಿ: ವರ್ಷಕ್ಕೊಮ್ಮೆಯಾದರೂ ತಿನ್ನಿ, ಚೆನ್ನಾಗಿರುತ್ತದೆ.

ಬೀಜದ ಪುಡಿಯ ಪ್ರಶ್ನೆ

ಇದು ವಾಟ್ಸ್‌ಆ್ಯಪ್ ಹುಟ್ಟಿಸಿದ ಸುಳ್ಳಲ್ಲ, ಇದಕ್ಕೆ ಹಳೆಯ ಬೇರುಗಳಿವೆ. ಚರಕ ಸಂಹಿತೆ ಮೂತ್ರದ ಪ್ರಮಾಣ ತಗ್ಗಿಸುವ ದ್ರವ್ಯಗಳ ಪಟ್ಟಿಯಲ್ಲಿ ಜಂಬುವನ್ನು ಹೆಸರಿಸುತ್ತದೆ. 19ನೇ ಶತಮಾನದ ಕೊನೆಯಲ್ಲಿ ಯುರೋಪಿನ ವೈದ್ಯರೂ ಭಾರತದಿಂದ ಹೋದ ನೇರಳೆ ಬೀಜವನ್ನು ಮಧುಮೇಹಿಗಳಿಗೆ ಕೊಟ್ಟು ನೋಡಿದರು. ಆಗ ಅವರ ಕೈಯಲ್ಲಿ ಬೇರೆ ಏನೂ ಇರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು, ಮರುವರ್ಷ ಜನವರಿಯಲ್ಲಿ ಮೊದಲ ರೋಗಿಗೆ ಕೊಟ್ಟರು. ನೇರಳೆ ಬೀಜ ಅಲ್ಲಿನ ವೈದ್ಯರ ಪೆಟ್ಟಿಗೆಯಿಂದ ಹೊರಗೆ ಹೋಯಿತು. ಇನ್ಸುಲಿನ್‌ನಷ್ಟೇ ಕೆಲಸವನ್ನು ಬೀಜ ಮಾಡುತ್ತಿದ್ದರೆ ಹಾಗಾಗುತ್ತಿರಲಿಲ್ಲ.

"ಸಂಶೋಧನೆ ಸಾಬೀತು ಮಾಡಿದೆ" ಎನ್ನುವ ಫಾರ್ವರ್ಡ್‌ಗಳ ಹಿಂದೆ ಹೋಗಿ ನೋಡಿದರೆ ಹೆಚ್ಚಿನವು ಇಲಿಗಳ ಮೇಲಿನ ಅಧ್ಯಯನ. ಸ್ಟ್ರೆಪ್ಟೊಝೋಟೋಸಿನ್ ಅಥವಾ ಅಲೋಕ್ಸಾನ್ ಎಂಬ ರಾಸಾಯನಿಕ ಚುಚ್ಚಿ ಇಲಿಯ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳನ್ನು ಕೆಡಿಸುತ್ತಾರೆ, ಆಮೇಲೆ ಬೀಜದ ಸಾರ ಕುಡಿಸುತ್ತಾರೆ. ಅನೇಕ ಪ್ರಯೋಗಗಳಲ್ಲಿ ಸಕ್ಕರೆ ಇಳಿದಿದೆ. ಇದು ಒಂದು ಸುಳಿವು, ಅಷ್ಟೇ. ರಾಸಾಯನಿಕದಿಂದ ಒಂದೇ ದಿನದಲ್ಲಿ ಮಧುಮೇಹಿಯಾದ ಇಲಿಗೂ, ಇಪ್ಪತ್ತು ವರ್ಷದಲ್ಲಿ ನಿಧಾನವಾಗಿ ಮಧುಮೇಹ ಬಂದ ಮನುಷ್ಯನಿಗೂ ಬಹಳ ವ್ಯತ್ಯಾಸ ಇದೆ. ಇಲಿಗೆ ಕೊಡುವ ಸಾರದ ಪ್ರಮಾಣವನ್ನು ಮನುಷ್ಯನ ತೂಕಕ್ಕೆ ಲೆಕ್ಕ ಹಾಕಿದರೆ ಅದು ಬಹುಪಾಲು ಒಂದು ಚಮಚದಲ್ಲಿ ಮುಗಿಯುವುದೂ ಇಲ್ಲ.

ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಕಡಿಮೆ, ಸಣ್ಣವು, ಒಂದಕ್ಕೊಂದು ಹೊಂದುವುದೂ ಇಲ್ಲ. ಬ್ರೆಜಿಲ್‌ನಲ್ಲಿ ನೇರಳೆ ಎಲೆಯ ಚಹಾ ಮಧುಮೇಹಕ್ಕೆ ಮನೆಮದ್ದು. ಅಲ್ಲಿನ ಸಂಶೋಧಕರು ಅದನ್ನು ಗ್ಲೈಬ್ಯುರೈಡ್ ಮಾತ್ರೆಯ ಜೊತೆ ಹೋಲಿಸಿ ನೋಡಿದರು. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ನಿಜವಾದ ಚಹಾ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿರದಂತೆ. 2004ರಲ್ಲಿ ಡಯಾಬಿಟಿಸ್ ಕೇರ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಮಾತ್ರೆಯವರ ಸಕ್ಕರೆ ಇಳಿಯಿತು, ಚಹಾದವರದು ಇಳಿಯಲಿಲ್ಲ. ಅದು ಎಲೆ, ನಮ್ಮದು ಬೀಜ ಎಂದು ನೀವು ಹೇಳಬಹುದು. ಆ ಆಕ್ಷೇಪ ನ್ಯಾಯವೇ. ಬೀಜದ ಪುಡಿ ಕೊಟ್ಟ ಕೆಲವು ಸಣ್ಣ ಪ್ರಯೋಗಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಒಂದಿಷ್ಟು ಇಳಿದದ್ದೂ ಕಂಡಿದೆ. ಆದರೆ ಸ್ವಲ್ಪ ಇಳಿಯುವುದು ಬೇರೆ, ವಾಸಿಯಾಗುವುದು ಬೇರೆ. ಮಾತ್ರೆ ಬಿಟ್ಟು ಪುಡಿಯೊಂದನ್ನೇ ವರ್ಷಗಟ್ಟಲೆ ತಿಂದವರ ಕಣ್ಣು, ಮೂತ್ರಪಿಂಡ, ಕಾಲು, ಹೃದಯ ಸರಿಯಾಗಿ ಉಳಿದವು ಎಂದು ತೋರಿಸುವ ಅಧ್ಯಯನ ಯಾವುದೂ ಇಲ್ಲ. ಮಧುಮೇಹದ ಚಿಕಿತ್ಸೆ ಮಾಡುವುದೇ ಇವುಗಳನ್ನು ಉಳಿಸಿಕೊಳ್ಳಲು.

ಗಿಡದಿಂದ ಔಷಧಿ ಬರುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಇಂದು ಅತಿ ಹೆಚ್ಚು ಜನ ನುಂಗುವ ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನ ಮೂಲವೂ ಯುರೋಪಿನ ಗಲೀಗಾ ಎಂಬ ಗಿಡದ ಒಂದು ರಾಸಾಯನಿಕವೇ. ಆ ಮೂಲವಸ್ತು ವಿಷಕಾರಿಯಾಗಿತ್ತು. ಅದನ್ನು ಮಾರ್ಪಡಿಸಿ, ಪ್ರಮಾಣ ನಿಗದಿ ಮಾಡಿ, ಜನರ ಮೇಲೆ ಪರೀಕ್ಷಿಸಿ, 1957ರಲ್ಲಿ ಫ್ರಾನ್ಸ್‌ನಲ್ಲಿ ಮೆಟ್‌ಫಾರ್ಮಿನ್ ಚಿಕಿತ್ಸೆಯ ವರದಿ ಬಂತು. ನೇರಳೆ ಬೀಜ ಆ ದಾರಿಯಲ್ಲಿ ಇನ್ನೂ ಶುರುವಿನಲ್ಲೇ ಇದೆ. ಯಾವ ಮರದ ಬೀಜ, ಎಷ್ಟು ಹಣ್ಣಾದದ್ದು, ಹೇಗೆ ಒಣಗಿಸಿದ್ದು ಎಂಬುದರ ಮೇಲೆ ಒಂದು ಚಮಚದೊಳಗಿನ ಸಾರಾಂಶ ಬದಲಾಗುತ್ತದೆ.

ಮಾರುಕಟ್ಟೆಯ ಪುಡಿಗಳಲ್ಲಿ ಇನ್ನೊಂದು ಅಪಾಯವಿದೆ. ಗಿಡಮೂಲಿಕೆ ಎಂದು ಮಾರಿದ ಶುಗರ್ ಪುಡಿಗಳಲ್ಲಿ ಹೇಳದೆ ಬೆರೆಸಿದ ಅಲೋಪತಿ ಮಾತ್ರೆ ಸಿಕ್ಕ ಪ್ರಕರಣಗಳು ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಂಥ ಪುಡಿ "ಚೆನ್ನಾಗಿ ಕೆಲಸ ಮಾಡುತ್ತದೆ" ಅನ್ನಿಸುವುದು ಸಹಜ. ಅದರ ಜೊತೆ ತನ್ನದೇ ಮಾತ್ರೆಯನ್ನೂ ನುಂಗುವವರ ಸಕ್ಕರೆ ಒಮ್ಮೆಲೇ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದೂ ಆಗಬಹುದು. ಹೆಸರಿಲ್ಲದ ಪ್ಯಾಕೆಟ್ ಪುಡಿ ಬೇಡ ಎನ್ನುವುದು ಇದಕ್ಕೆ.

ಮಾತ್ರೆ ಬಿಟ್ಟರೆ ಏನಾಗುತ್ತದೆ? ಟೈಪ್ 1 ಮಧುಮೇಹದವರು, ಅದರಲ್ಲೂ ಮಕ್ಕಳು, ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಅಪಾಯ. ಇದರಲ್ಲಿ ಎರಡು ಮಾತಿಲ್ಲ. ಟೈಪ್ 2ರಲ್ಲಿ ಹಾಗೆ ತಕ್ಷಣ ಏನೂ ಕಾಣುವುದಿಲ್ಲ. ಜನ ಮೋಸ ಹೋಗುವುದು ಇಲ್ಲೇ. ಸಕ್ಕರೆ ಏರಿದ್ದರೂ ಮನುಷ್ಯ ಹೊಲಕ್ಕೆ ಹೋಗುತ್ತಾನೆ, ಅಂಗಡಿಯಲ್ಲಿ ಕೂರುತ್ತಾನೆ, "ಪುಡಿ ತಿಂದು ಆರಾಮಾಗಿದೀನಿ" ಎನ್ನುತ್ತಾನೆ. ಒಳಗೆ ಕಣ್ಣಿನ ಪರದೆಯ ರಕ್ತನಾಳಗಳು, ಪಾದದ ನರಗಳು ಕೆಡುತ್ತಿರುತ್ತವೆ. ಐಸಿಎಂಆರ್–ಇಂಡಿಯಾಬ್ ಅಧ್ಯಯನದ 2023ರ ವರದಿಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಒಂದು ಫಾರ್ವರ್ಡ್ ತಲುಪುವುದು ಇವರ ಮನೆಗಳಿಗೇ.

ಪುಡಿ ಕೆಲಸ ಮಾಡುತ್ತಿದೆಯೇ ಎಂದು ವಾದ ಮಾಡುವ ಬದಲು ಅಳೆದು ನೋಡಬಹುದು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ನಿನ್ನೆ ಉಪವಾಸ ಇದ್ದರೂ ಅದನ್ನು ಮರೆಮಾಚಲಾಗದು. ಹೆಚ್ಚಿನ ಮಧುಮೇಹಿಗಳಿಗೆ ಅದು ಶೇ. 7ರ ಒಳಗಿರಲಿ ಎಂಬುದು ವೈದ್ಯರ ಸಾಮಾನ್ಯ ಗುರಿ. ವಯಸ್ಸು, ಬೇರೆ ಕಾಯಿಲೆ ನೋಡಿ ಬದಲಾಗುತ್ತದೆ. ಖರ್ಚಿನ ಚಿಂತೆಯಿಂದ ಮಾತ್ರೆ ಬಿಟ್ಟವರಿದ್ದರೆ, ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಧುಮೇಹದ ಸಾಮಾನ್ಯ ಮಾತ್ರೆಗಳು ಉಚಿತವಾಗಿ ಸಿಗುತ್ತವೆ. ಬೀಜದ ಪುಡಿ ತಿನ್ನುವ ಆಸೆ ಇದ್ದೇ ಇದ್ದರೆ ವೈದ್ಯರಿಗೆ ಹೇಳಿ, ಮಾತ್ರೆ ಬಿಡದೆ ತಿನ್ನಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ, ಅವರಿಗೆ ಗೊತ್ತಿದ್ದರೆ ಮಾತ್ರೆಯ ಪ್ರಮಾಣ ನೋಡಿಕೊಳ್ಳುತ್ತಾರೆ.

ರಾಣೆಬೆನ್ನೂರಿನ ಓದುಗರಿಗೆ ನಾವು ಹೇಳಿದ್ದೂ ಇಷ್ಟೇ. ಅಪ್ಪನ ಜೊತೆ ಜಗಳ ಬೇಡ, ಮೊದಲು ಒಂದು ಎಚ್‌ಬಿಎ1ಸಿ ಮಾಡಿಸಿ, ಆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ. ವಾರದ ಮೇಲೆ ಅವರ ಉತ್ತರ ಬಂತು. ಅಂಕಿ ನೋಡಿ ಅಪ್ಪ ತಾವಾಗಿಯೇ ಮಾತ್ರೆ ಶುರು ಮಾಡಿದ್ದಾರಂತೆ. ಪುಡಿಯ ಡಬ್ಬಿ ಇನ್ನೂ ಅಡುಗೆಮನೆಯಲ್ಲೇ ಇದೆಯಂತೆ.

ಹಣ್ಣು ತಿನ್ನುವ, ಮರ ಹತ್ತುವ ಮೊದಲು

ನೇರಳೆ ಮರ ಗಟ್ಟಿ ಎಂದೆವು, ಅದು ದಿಮ್ಮಿಯ ಮಾತು. ಹಸಿ ಕೊಂಬೆ ಮಾತ್ರ ಬಹಳ ಪೆಡಸು. ಬಾಗದೆ, ಸೂಚನೆ ಕೊಡದೆ ಲಟಕ್ಕನೆ ಮುರಿಯುತ್ತದೆ. ಮಳೆಗೆ ತೊಯ್ದ ತೊಗಟೆ ಜಾರುತ್ತದೆ ಬೇರೆ. ಮಕ್ಕಳನ್ನು ಹತ್ತಲು ಬಿಡಬೇಡಿ. ಕೆಳಗೆ ಹಳೆಯ ಸೀರೆ ಅಥವಾ ತಾಡಪತ್ರಿ ಹಿಡಿದು ಉದ್ದನೆಯ ಗಳದಿಂದ ಅಲುಗಿಸಿದರೆ ಹಣ್ಣು ಒಡೆಯದೆ ಸಿಗುತ್ತದೆ. ಬಾವಲಿಗಳಿಗೂ ಈ ಹಣ್ಣು ಇಷ್ಟ, ಕಚ್ಚಿದ ಗುರುತಿದ್ದದ್ದನ್ನು ಬಿಸಾಡಿ. ಉಳಿದದ್ದನ್ನು ತೊಳೆದು ಉಪ್ಪು ಹಚ್ಚಿ ತಿನ್ನಿ.

ಬೀಜವನ್ನು ಬಿತ್ತುವುದಾದರೆ ತಡ ಮಾಡಬೇಡಿ. ಭತ್ತ, ಜೋಳದಂತೆ ಇದನ್ನು ಒಣಗಿಸಿ ಕಾಪಿಡಲು ಬರುವುದಿಲ್ಲ. ಒಣಗಿದರೆ ಮೊಳಕೆಯ ಶಕ್ತಿ ಒಂದೆರಡು ವಾರದಲ್ಲೇ ಹೋಗುತ್ತದೆ. ತಿಂದ ದಿನವೇ ತೊಳೆದು ಮಣ್ಣಿಗೆ ಹಾಕಿ. ಒಂದೇ ಬೀಜದಿಂದ ಎರಡು ಮೂರು ಸಸಿ ಎದ್ದರೆ ಗಾಬರಿ ಬೇಡ, ನೇರಳೆಯಲ್ಲಿ ಅದು ಸಾಮಾನ್ಯ. ಗಟ್ಟಿಯಾದದ್ದೊಂದನ್ನು ಉಳಿಸಿ ಉಳಿದದ್ದನ್ನು ಕಿತ್ತು ಬೇರೆ ಕಡೆ ನೆಡಿ.